ಸಿರೋಸಿಸ್ (ಲಿವರ್ ಒಣಗೋ ಕಾಯಿಲೆ) ಇರೋರ್ಗೆ ಎಷ್ಟ್ ರಕ್ತ ಹಾಕಿದ್ರೂ ಯಾಕ್ ನಿಲ್ಲಲ್ಲ? ಐರನ್ ಟಾನಿಕ್ ಕೊಡ್ಬೋದಾ?

ಮದ್ದೂರ್ ಹೈದ: ನಮ್ಮ ಸೋದರಮಾವಂಗೆ ಕುಡ್ದು ಕುಡ್ದು ಲಿವರ್ ಹೋಗದೆ, ಹೊಟ್ಟೆಗೆ ನೀರ್ ತುಂಬ್ಕೊಂಡು ಕಣ್ಣೆಲ್ಲ ಹಳದಿ. ಹಿಮೋಗ್ಲೋಬಿನ್ 6.4. ರಕ್ತ ಹಾಕ್ಸುದ್ರೆ ಏರ್ತದೆ, ಆಮೇಲ್ ಸರ್ರನೆ ಇಳೀತದೆ. ಈಗ ಸ್ಮಿಯರ್ (ಗಾಜಿನ್ ಮೇಲೆ ರಕ್ತ ಸವರಿ ನೋಡೋದು) ರಿಪೋರ್ಟಲ್ಲಿ ಅಕ್ಯಾಂಥೋಸೈಟ್ಸ್ ಅಂತ ಬರ್ದವ್ರೆ, ಕೆಂಪು ಕಣ ಮುಳ್ಮುಳ್ಳಾಗವಂತೆ. ನಮ್ಮತ್ತೆ ಐರನ್ ಟಾನಿಕ್ಕು ಖರ್ಜೂರ ಅಂತ ಕೊಡ್ತಾವ್ರೆ, ಸರೀನಾ?

ಕಬ್ಬಿನಗದ್ದೆ: ಕೊಡ್ಲಿ ಬುಡಪ್ಪ. ರಕ್ತ ಕಮ್ಮಿ ಅಂದ್ರೆ ಕಬ್ಬಿಣ ಕಮ್ಮಿ. ಜೊತೇಲಿ ನೆಲನೆಲ್ಲಿ ಕಷಾಯ.

ಕುವೆಂಪುನಗರ ಸಿಸ್ಟರ್: ಅಣ್ಣಾ ಹಂಗಲ್ಲ. ಇಲ್ಲಿ ಕಣ ಹುಟ್ತಾ ಇದೆ, ಆದ್ರೆ ಬಾಳ್ತಿಲ್ಲ. ಲಿವರ್ ಕೆಟ್ರೆ ರಕ್ತದಲ್ಲಿರೋ ಕೊಬ್ಬಿನ ಲೆಕ್ಕ ತಪ್ಪಿ ಕೊಲೆಸ್ಟ್ರಾಲ್ ಹೋಗಿ ಕೆಂಪು ಕಣದ ಪೊರೆಗೆ ಸೇರ್ಕೊಳುತ್ತೆ, ಪೊರೆ ಗಟ್ಟಿಯಾಗುತ್ತೆ, ಆಮೇಲೆ ಗುಲ್ಮದಲ್ಲಿ (ಹಳೇ ಕಣ ಸೋಸೋ ಅಂಗ, ಸ್ಪ್ಲೀನ್) ತೂರಕ್ಕಾಗದೆ ಅಲ್ಲೇ ಒಡ್ದೋಗುತ್ತೆ. 120 ದಿನ ಇರ್ಬೇಕಾದ್ದು ಕೆಲವೇ ದಿನಕ್ಕೆ ಖಲಾಸ್. ಒಡೆದ ಕಣದ ಕಬ್ಬಿಣ ಮೈಯಲ್ಲೇ ಉಳಿಯುತ್ತೆ, ಹಾಕಿಸೋ ಒಂದೊಂದು ಬ್ಯಾಗ್ ರಕ್ತದಲ್ಲೂ 200 ಮಿಲಿಗ್ರಾಂ ಮೇಲೆ ಕಬ್ಬಿಣ ಇರುತ್ತೆ, ಅದರ ಮೇಲೆ ಟಾನಿಕ್ ಬೇರೆ!

ಕಬ್ಬಿನಗದ್ದೆ: ಹಂಗಾರೆ ಬ್ಯಾರೆಯೋರ ಒಳ್ಳೆ ರಕ್ತ ಯಾಕ್ ನಿಲ್ಲಲ್ಲ ಹೇಳಿ ಮತ್ತೆ?

ಕುವೆಂಪುನಗರ ಸಿಸ್ಟರ್: ಕಣ ಒಳ್ಳೇದೇ, ಆದ್ರೆ ಹೋಗಿ ಬೀಳೋದು ಅದೇ ಕೆಟ್ಟ ಸೀರಮ್ಮಿಗೆ, ಅಂದ್ರೆ ಕಣ ತೇಲೋ ರಕ್ತದ ನೀರಿಗೆ ಅಲ್ವಾ. ಕೊಳೆ ನೀರಿಗೆ ಹೊಸ ಮೀನು ಬಿಟ್ಟಂಗೆ. ದೋಷ ಸೀರಮ್ಮಿಂದ ಅಂತ 1969ರಲ್ಲೇ ಕೂಪರ್ ಅನ್ನೋ ಸಂಶೋಧಕರು ತೋರ್ಸಿದಾರೆ.

ಲ್ಯಾಬ್ ಟೆಕ್ನಿಷಿಯನ್, ಮಂಡ್ಯ: ತಡೀರಿ, ಎಲ್ಲ ಒಂದೇ ಸಲ ಹೆದ್ರುಸ್ಬ್ಯಾಡಿ. ಆ ಸ್ಯಾಂಪಲ್ ಎಲ್ ತೆಗ್ದಿದ್ದು? ಟ್ಯೂಬಲ್ ತುಂಬಾ ಹೊತ್ತು ಕೂತ್ರೆ ಒಳ್ಳೆ ಕಣಾನೂ ಸುಕ್ಕಾಗಿ ಸುತ್ತ ಸಣ್ಣ ಸಣ್ಣ ಮುಳ್ಳು ಬತ್ತದೆ, ಅದು ಬರ್ ಸೆಲ್ಲು. ಅದ್ರಲ್ಲಿ ಮುಳ್ಳು ಒಂದೇ ಸಮ, ಲೈನಾಗಿ. ನಿಜವಾದ ಸ್ಪರ್ ಸೆಲ್ಲಲ್ಲಿ (ಅಕ್ಯಾಂಥೋಸೈಟ್ ಅಂದ್ರೂ ಅದೇಯ) ಮುಳ್ಳು ಕಮ್ಮಿ, ಒಂದು ಉದ್ದ ಒಂದು ಮೋಟು, ಅಡ್ಡಾದಿಡ್ಡಿ. ಫ್ರೆಶ್ಶಾಗಿ ತೆಗ್ದು ತಕ್ಷಣ ಸ್ಮಿಯರ್ ಎಳ್ಸಿ. ಜೊತೇಲಿ ಕಣ ಒಡೀತಾ ಅವೆಯಾ ಅಂತ ನೋಡಕ್ಕೆ ರೆಟಿಕ್ಯುಲೋಸೈಟು (ಹೊಸ್ದಾಗ್ ಹುಟ್ಟಿದ್ ಕಣ), ಎಲ್‌ಡಿಎಚ್ಚು, ಇನ್‌ಡೈರೆಕ್ಟ್ ಬಿಲಿರುಬಿನ್ನು, ಮೈಯೇ ತನ್ನ ಕಣದ ಮೇಲೆ ಬಿದ್ದದಾ ಅಂತ ನೋಡೋ ಕೂಂಬ್ಸ್ ಟೆಸ್ಟು. ಹ್ಯಾಪ್ಟೋಗ್ಲೋಬಿನ್ (ಕಣ ಒಡುದ್ರೆ ಇಳಿಯೋ ಪ್ರೋಟೀನು) ಒಂದೇ ನಂಬ್ಬ್ಯಾಡಿ, ಅದನ್ನ ಮಾಡೋದೇ ಲಿವರ್ರು, ಲಿವರ್ ಕೆಟ್ರೆ ಅದು ಹೆಂಗೂ ಕಮ್ಮಿ ಬರ್ತದೆ.

ಮದ್ದೂರ್ ಹೈದ: ಬೆಳಿಗ್ಗೆ ಮದ್ದೂರಲ್ ತೆಗ್ದು ಸಂಜೆ ಮೈಸೂರಿಗೆ ಹೋಯ್ತು ಕಣಣ್ಣ.

ಲ್ಯಾಬ್ ಟೆಕ್ನಿಷಿಯನ್, ಮಂಡ್ಯ: ನೋಡುದ್ರಾ! ರಿಪೀಟ್ ಮಾಡ್ಸಿ.

ಕುವೆಂಪುನಗರ ಸಿಸ್ಟರ್: ಒಪ್ದೆ, ಆದ್ರೆ ಅದಕ್ಕಿಂತ ಮುಂಚೆ ಮಲ ಕಪ್ಪಗೆ ಡಾಂಬರ್ ಥರ ಹೋಗ್ತಿದ್ಯಾ ಕೇಳಿ. ಸಿರೋಸಿಸ್ಸಲ್ಲಿ ಅನ್ನನಾಳದ ರಕ್ತನಾಳ ಊದಿ ಒಳಗೇ ಸೋರುತ್ತೆ, ಅದು ಎಮರ್ಜೆನ್ಸಿ. ಐರನ್ ಟಾನಿಕ್ ಕುಡಿದ್ರೂ ಮಲ ಕಪ್ಪಗೇ ಬರುತ್ತೆ, ಯಾವುದು ಯಾವುದು ಅಂತ ಗೊತ್ತಾಗದೇ ಕೂತ್ಕೊಬೇಕಾಗುತ್ತೆ! ಕಬ್ಬಿಣ ನಿಜವಾಗ್ಲೂ ಕಮ್ಮಿ ಇದ್ರೆ ಡಾಕ್ಟ್ರೇ ಬರ್ಕೊಡ್ತಾರೆ. ಕುಡಿಯೋರಿಗೆ ಫೋಲೇಟ್ (ರಕ್ತ ಹುಟ್ಟೋಕೆ ಬೇಕಾದ ವಿಟಮಿನ್) ಕಮ್ಮಿ ಇರೋದು ಮಾಮೂಲಿ, ಅದನ್ನ ಚೆಕ್ ಮಾಡ್ಸಿ. ಕಷಾಯ ಗಿಷಾಯ ದಯವಿಟ್ಟು ಬೇಡ.

ಕಬ್ಬಿನಗದ್ದೆ: ನಮ್ಮಜ್ಜಿ ಕಾಮಾಲೆಗೆ ನೆಲನೆಲ್ಲೀನೇ ಕೊಡ್ತಿದ್ದದ್ದು, ಯಾರೂ ಸಾಯ್ಲಿಲ್ಲ.

ಲ್ಯಾಬ್ ಟೆಕ್ನಿಷಿಯನ್, ಮಂಡ್ಯ: ಅದು ವೈರಲ್ ಜಾಂಡೀಸಣ್ಣ, ತುಂಬಾ ಜನಕ್ಕೆ ತಾನಾಗೇ ವಾಸಿ ಆಯ್ತದೆ. ಇದು ಒಣಗಿ ಗಂಟುಗಂಟಾಗಿರೋ ಲಿವರ್ರು.

ಮದ್ದೂರ್ ಹೈದ: ಸ್ಪರ್ ಸೆಲ್ಲೇ ಅಂತಾದ್ರೆ ಮುಂದೆ?

ಕುವೆಂಪುನಗರ ಸಿಸ್ಟರ್: ಮುಚ್ಚಿಡಲ್ಲ, ಕಾಯಿಲೆ ತುಂಬಾ ಮುಂದೆ ಹೋಗಿದೆ ಅಂತ. ಕುಡಿಯೋದು ಪೂರ್ತಿ ನಿಲ್ಸಿದ್ಮೇಲೆ ಸುಧಾರಿಸಿದವ್ರೂ ಉಂಟು, ಆದ್ರೆ ಗ್ಯಾರಂಟಿ ಔಷಧಿ ಅಂದ್ರೆ ಟ್ರಾನ್ಸ್‌ಪ್ಲಾಂಟೇ, ಹೊಸ ಲಿವರ್ ಕೂತ್ಮೇಲೆ ಮುಳ್ಳು ಹೋಗುತ್ತೆ. ಈಗ್ಲೇ ಗ್ಯಾಸ್ಟ್ರೋ ಡಾಕ್ಟ್ರ ಹತ್ರ ಆ ಮಾತು ಎತ್ತಿ, ಸತ್ತವರಿಂದ ಸಿಗೋದಕ್ಕೆ ಜೀವಸಾರ್ಥಕತೆ (ರಾಜ್ಯದ ಅಂಗದಾನ ಸಂಸ್ಥೆ) ಲಿಸ್ಟಿಗೆ ಆಸ್ಪತ್ರೆಯವರೇ ಹೆಸ್ರು ಸೇರಿಸ್ತಾರೆ.

ಕಬ್ಬಿನಗದ್ದೆ: ಕುಡ್ದು ಹಾಳ್ಮಾಡ್ಕೊಂಡೋರ್ಗೆಲ್ಲ ಲಿವರ್ ಕೊಟ್ರೆ ಪಾಪ ಕುಡೀದೇ ಕೆಟ್ಟೋರ್ ಕತೆ ಏನು?

ಕುವೆಂಪುನಗರ ಸಿಸ್ಟರ್: ಅದನ್ನ ತೀರ್ಮಾನ ಮಾಡೋಕೆ ಅಂತ ಒಂದು ಟೀಮೇ ಕೂರುತ್ತೆ ಸಾರ್, ಇಲ್ಲಿ ನಾವು ಜಡ್ಜಾಗೋದು ಬೇಡ.

ಮದ್ದೂರ್ ಹೈದ: ಮಾವಂದು ಓ ಪಾಸಿಟಿವ್, ಮಗಂದು ಬಿ. ಅವ್ನು ಅರ್ಧ ಲಿವರ್ ಕೊಡ್ತೀನಿ ಅಂತಾವ್ನೆ.

ಕುವೆಂಪುನಗರ ಸಿಸ್ಟರ್: ಮಾಮೂಲಿಯಾಗಿ ಓ ಗ್ರೂಪಿಗೆ ಓ ಗ್ರೂಪಿಂದೇ ಬೇಕು. ಗ್ರೂಪ್ ಹೊಂದದೇ ಇದ್ರೂ ಮಾಡೋ ಸೆಂಟರ್‌ಗಳಿವೆ, ಖರ್ಚೂ ರಿಸ್ಕೂ ಜಾಸ್ತಿ. ಮಗಳಿದ್ರೆ ಅವಳ ಗ್ರೂಪ್ ಯಾವ್ದು?