ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿಗೆ ನಮ್ಮದೇ ವೈನ್, ವಿಸ್ಕಿ ಒಯ್ಯಬಹುದೇ?

ಪ್ರಶ್ನೆ: ಕಾವೇರಿತೀರ, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್‌ನಲ್ಲಿ ನಮ್ಮ ಅತ್ತೆ-ಮಾವನವರ ಮದುವೆಗೆ ನಲವತ್ತು ವರ್ಷ ತುಂಬುತ್ತದೆ. ಆ ಸಂತೋಷಕ್ಕೆಂದು ಹಿರಿಯರಿಬ್ಬರು, ನಾನು, ನಮ್ಮ ಯಜಮಾನರು, ಮೈದುನ ಮತ್ತು ಓರಗಿತ್ತಿ, ಹೀಗೆ ಆರು ಜನ ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಮರಳುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ ನಾಲ್ಕು ರಾತ್ರಿಗೆ ಟಿಕೆಟ್ ಮಾಡಿಸಿದ್ದೇವೆ.

ಮಾವನವರು ನಿವೃತ್ತರಾದ ಮೇಲೆ ಸಂಜೆ ಒಂದು ಪೆಗ್ ವಿಸ್ಕಿ ತೆಗೆದುಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಹೆಚ್ಚು ಕುಡಿಯುವವರಲ್ಲ. ಅತ್ತೆಯವರು ಮದ್ಯ ಮುಟ್ಟುವುದಿಲ್ಲ. ವಾರ್ಷಿಕೋತ್ಸವದ ರಾತ್ರಿಯ ಊಟಕ್ಕೆ ನಂದಿ ಬೆಟ್ಟದ ತಪ್ಪಲಿನಲ್ಲಿ ತಯಾರಾಗುವ ವೈನ್‌ನ ಎರಡು ಬಾಟಲಿಗಳನ್ನು ನಮ್ಮ ಊರಿನಿಂದಲೇ ಒಯ್ಯಬೇಕೆಂಬುದು ಮೈದುನನ ಆಸೆ. ಜೊತೆಗೆ ಬೆಂಗಳೂರು ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಂದು ಲೀಟರ್ ವಿಸ್ಕಿ ಕೊಂಡರೆ ಮಾವನವರಿಗೆ ನಾಲ್ಕು ದಿನಕ್ಕೂ ಆಗುತ್ತದೆ ಎಂದು ಯೋಚಿಸಿದ್ದೇವೆ. ಇವನ್ನು ಹಡಗಿಗೆ ಒಯ್ಯಲು ಬಿಡುತ್ತಾರೆಯೇ? ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು "ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿ, ಯಾರೂ ನೋಡುವುದಿಲ್ಲ" ಎನ್ನುತ್ತಾರೆ. ಹಿರಿಯರ ಎದುರಿಗೆ ಯಾರಾದರೂ ನಮ್ಮ ಪೆಟ್ಟಿಗೆ ಬಿಚ್ಚಿಸಿ ಪ್ರಶ್ನಿಸುವ ಪರಿಸ್ಥಿತಿ ಬರಬಾರದು ಎಂಬ ಕಾರಣಕ್ಕೆ ತಿಳಿದವರನ್ನು ಕೇಳುತ್ತಿದ್ದೇನೆ.

ಉತ್ತರ 1: ಬಸವನಗುಡಿ ಪ್ರವಾಸಿ, ಬೆಂಗಳೂರು

ನಮಸ್ಕಾರ ಮೇಡಂ. ಏಜೆಂಟರ ಮಾತನ್ನು ದಯವಿಟ್ಟು ನಂಬಬೇಡಿ. ವೈನ್ ಒಯ್ಯಬಹುದು, ವಿಸ್ಕಿ ಒಯ್ಯುವಂತಿಲ್ಲ. ಆ ಸಂಸ್ಥೆಯ ನಿಯಮದ ಪ್ರಕಾರ ಮದ್ಯಪಾನದ ವಯಸ್ಸು ತುಂಬಿದ ಪ್ರತಿಯೊಬ್ಬ ಪ್ರಯಾಣಿಕರೂ ಹಡಗು ಹತ್ತುವ ಮೊದಲ ದಿನ ಮಾತ್ರ 750 ಮಿಲಿಲೀಟರಿನ, ಸೀಲ್ ಒಡೆಯದ ಒಂದು ವೈನ್ ಅಥವಾ ಶಾಂಪೇನ್ ಬಾಟಲಿಯನ್ನು ಕೈಚೀಲದಲ್ಲಿ ತರಬಹುದು. ಏಷ್ಯಾದಿಂದ ಹೊರಡುವ ಯಾನಗಳಲ್ಲಿ ಆ ವಯಸ್ಸು 18, ಅಮೆರಿಕದಿಂದ ಹೊರಡುವವುಗಳಲ್ಲಿ 21. ವಿಸ್ಕಿ, ರಮ್, ವೋಡ್ಕಾ, ಬಿಯರ್ ಯಾವುದಕ್ಕೂ ಅವಕಾಶವಿಲ್ಲ. ಕೋಣೆಯಲ್ಲೇ ವೈನ್ ಕುಡಿದರೆ ಖರ್ಚಿಲ್ಲ. ಊಟದ ಸಭಾಂಗಣಕ್ಕೋ ಬಾರಿಗೋ ಒಯ್ದು ತೆರೆಸಿದರೆ ಬಾಟಲಿಗೆ 15 ಅಮೆರಿಕನ್ ಡಾಲರ್ ಕಾರ್ಕೇಜ್ (ಬಾಟಲಿ ತೆರೆದು ಬಡಿಸುವ ಶುಲ್ಕ) ಬೀಳುತ್ತದೆ. ಇಂಥ ದರಗಳನ್ನು ಸಂಸ್ಥೆಗಳು ಆಗಾಗ ಬದಲಾಯಿಸುವುದರಿಂದ, ನಿಮ್ಮ ಬುಕಿಂಗ್ ಪತ್ರದೊಡನೆ ಬಂದಿರುವ ನಿಯಮಗಳನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ಓದಿಕೊಳ್ಳಿ.

ಬಹಳ ಜನ ಎಡವುವ ಜಾಗ ಒಂದಿದೆ. ವಿಮಾನದ ನಿಯಮವೂ ಹಡಗಿನ ನಿಯಮವೂ ಪರಸ್ಪರ ತದ್ವಿರುದ್ಧ. ವಿಮಾನದಲ್ಲಿ ಕೈಚೀಲದಲ್ಲಿರುವ ಯಾವ ದ್ರವವೂ 100 ಮಿಲಿಲೀಟರ್ ಮೀರುವಂತಿಲ್ಲವಾದ್ದರಿಂದ, ಮನೆಯಿಂದ ಒಯ್ಯುವ ವೈನ್ ಬೆಂಗಳೂರಿನಲ್ಲಿ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಸಿಂಗಪುರದ ಬಂದರಿನಲ್ಲಿ ಮಾತ್ರ ಅದೇ ಬಾಟಲಿ ಪೆಟ್ಟಿಗೆಯಿಂದ ಕೈಚೀಲಕ್ಕೆ ಬರಬೇಕು. ಏಕೆಂದರೆ ಅಲ್ಲಿ ಪೋರ್ಟರ್‌ಗಳ ಕೈಗೆ ಕೊಟ್ಟ ಪೆಟ್ಟಿಗೆಗಳೆಲ್ಲ ಎಕ್ಸ್-ರೇ ಯಂತ್ರದ ಮೂಲಕ ಹಾದು ಸಂಜೆ ಹೊತ್ತಿಗೆ ನಿಮ್ಮ ಕೋಣೆಯ ಬಾಗಿಲಿಗೆ ಬರುತ್ತವೆ, ಬಾಟಲಿ ಕಂಡ ಪೆಟ್ಟಿಗೆ ಬರುವುದಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಹಾಕಿ, ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ನಡುಭಾಗದಲ್ಲಿಡಿ. ಸಿಂಗಪುರದ ಹೋಟೆಲಿನಲ್ಲಿ ಹೊರತೆಗೆದು ಮೈದುನನವರೂ ನಿಮ್ಮ ಯಜಮಾನರೂ ಒಂದೊಂದನ್ನು ತಮ್ಮ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ತಪಾಸಣೆಯಲ್ಲಿ ಕೇಳಿದರೆ ತೋರಿಸಿದರಾಯಿತು.

ಸಿಂಗಪುರದ ಸುಂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2019ರ ಏಪ್ರಿಲ್‌ನಿಂದ ಅಲ್ಲಿ 18 ತುಂಬಿದ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ ಒಟ್ಟು 2 ಲೀಟರ್: ಒಂದು ಲೀಟರ್ ವಿಸ್ಕಿಯಂಥ ಗಟ್ಟಿ ಮದ್ಯ ಮತ್ತು ಒಂದು ಲೀಟರ್ ವೈನ್ ಇರಬಹುದು, ಅಥವಾ ಎರಡು ಲೀಟರೂ ವೈನ್ ಆಗಿರಬಹುದು, ಆದರೆ ಎರಡು ಲೀಟರೂ ವಿಸ್ಕಿ ಆಗುವಂತಿಲ್ಲ. ಮಲೇಷಿಯಾದಿಂದ ಬರುವವರಿಗೂ 48 ಗಂಟೆಗಿಂತ ಕಡಿಮೆ ಹೊತ್ತು ಸಿಂಗಪುರದ ಹೊರಗಿದ್ದವರಿಗೂ ಈ ರಿಯಾಯಿತಿ ಇಲ್ಲ. ನೀವು ಬೆಂಗಳೂರಿನಿಂದ ನೇರವಾಗಿ ಹೋಗುವುದರಿಂದ ತೊಂದರೆಯಿಲ್ಲ. ವಿಸ್ಕಿಯನ್ನು ಮಾತ್ರ ಹೋಗುವಾಗ ಕೊಳ್ಳಬೇಡಿ. ಊರಿಗೆ ಮರಳುವಾಗ ಬೆಂಗಳೂರಿನ ಆಗಮನ ವಿಭಾಗದ ಡ್ಯೂಟಿ ಫ್ರೀಯಲ್ಲಿ ಕೊಂಡರೆ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ಮನೆಗೆ ತರಬಹುದು.

ಉತ್ತರ 2: ಪಡುವಣ ಕಡಲು, ಉಡುಪಿ

ನಾನು ಹಲವು ವರ್ಷ ಕ್ರೂಸ್ ಹಡಗುಗಳ ಬಾರ್ ವಿಭಾಗದಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದವನು. ಮಂಗಳೂರು, ಉಡುಪಿ ಕಡೆಯ ಅನೇಕ ಹುಡುಗರು ಇಂದಿಗೂ ಆ ಹಡಗುಗಳ ಅಡುಗೆಮನೆ, ಬಾರ್ ಮತ್ತು ಕೋಣೆಗಳ ಸೇವೆಯಲ್ಲಿದ್ದಾರೆ. ಅವರ ಕಡೆಯಿಂದಲೂ ಈ ವಿಷಯವನ್ನು ನೋಡಬೇಕೆಂದು ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗಿನ ಬಾಟಲಿ ಯಾರಿಗೂ ಕಾಣುವುದಿಲ್ಲ ಎನ್ನುವವರು ಆ ಎಕ್ಸ್-ರೇ ಯಂತ್ರದ ಪರದೆಯನ್ನು ನೋಡಿರಲಾರರು. ಬಟ್ಟೆಗಳು ತೆಳು ಬಣ್ಣದಲ್ಲಿ ಕಾಣುತ್ತವೆ, ಅವುಗಳ ನಡುವೆ ಬಾಟಲಿಯ ಕತ್ತು, ಭುಜ, ಒಳಗಿನ ದ್ರವದ ಮಟ್ಟ ಎಲ್ಲವೂ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬಾಯಿ ಮುಕ್ಕಳಿಸುವ ಔಷಧದ ಬಾಟಲಿಗೆ ಬಣ್ಣ ಬೆರೆಸಿದ ವೋಡ್ಕಾ ತುಂಬಿ ತರುವುದು, ಮಡಚುವ ಪ್ಲಾಸ್ಟಿಕ್ ಚೀಲಗಳಲ್ಲಿ ರಮ್ ತರುವುದು ಭದ್ರತಾ ಸಿಬ್ಬಂದಿಗೆ ಬಹಳ ಹಳೆಯ ಸಂಗತಿ. ಅನುಮಾನ ಬಂದ ಪೆಟ್ಟಿಗೆಯನ್ನು ಬದಿಗಿಟ್ಟು, ಕೋಣೆಯ ಸಂಖ್ಯೆ ನೋಡಿ ಪ್ರಯಾಣಿಕರನ್ನು ಕರೆಸಿ, ಅವರೆದುರಿಗೇ ತೆರೆಸುತ್ತಾರೆ. ಹೊರಡುವ ಸಂಜೆ ಉಳಿದವರೆಲ್ಲ ಮೇಲಿನ ಡೆಕ್‌ನಲ್ಲಿ ನಿಂತು ಬಂದರು ಹಿಂದೆ ಸರಿಯುವುದನ್ನು ನೋಡುತ್ತಿರುವಾಗ, ಕೆಳಗಿನ ಆ ಕೋಣೆಯಲ್ಲಿ ವಯಸ್ಸಾದವರು ಸರದಿಯಲ್ಲಿ ನಿಂತು ತಮ್ಮ ಪೆಟ್ಟಿಗೆ ತೆರೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಅನೇಕರಿಗೆ ಆ ಬಾಟಲಿ ಇಟ್ಟದ್ದು ತಮ್ಮ ಮಕ್ಕಳೇ ಎಂಬುದು ಆಗಲೇ ಗೊತ್ತಾಗುತ್ತಿತ್ತು. ಮೊದಲ ದಿನ ವಶಪಡಿಸಿಕೊಂಡ ಮದ್ಯವನ್ನು ಕೆಲವು ಸಂಸ್ಥೆಗಳು ಹಿಂದಿರುಗಿಸುವುದೇ ಇಲ್ಲ.

ಯಾನದ ನಡುವೆ ಫುಕೆಟ್‌ನಲ್ಲೋ ಪೆನಾಂಗ್‌ನಲ್ಲೋ ಕೊಂಡ ಬಾಟಲಿಯ ವ್ಯವಸ್ಥೆ ಬೇರೆ. ಅದನ್ನು ಹಡಗಿನ ಬಾಗಿಲಲ್ಲಿ ಪಡೆದುಕೊಂಡು, ಕೋಣೆಯ ಸಂಖ್ಯೆ ಬರೆದ ಚೀಟಿ ಕಟ್ಟಿ, ನಿಮಗೊಂದು ರಸೀದಿ ಕೊಟ್ಟು, ಯಾನದ ಕೊನೆಯಲ್ಲಿ ಮರಳಿಸುತ್ತಾರೆ. ಹಡಗಿನ ಅಂಗಡಿಯಲ್ಲಿ ಕೊಂಡ ಮದ್ಯಕ್ಕೂ ಸಾಮಾನ್ಯವಾಗಿ ಇದೇ ಕ್ರಮ.

ಇದೆಲ್ಲ ಹಣಕ್ಕಾಗಿ ಮಾತ್ರ ಎಂದು ಪ್ರಯಾಣಿಕರು ಸಿಟ್ಟಾಗುತ್ತಾರೆ. ಹಣವೂ ಕಾರಣವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾರಿನಲ್ಲಿ ಕುಡಿಯುವವರ ಲೆಕ್ಕ ನಮ್ಮ ಕಣ್ಣೆದುರು ಇರುತ್ತದೆ. ಮಾತು ತೊದಲಿದವರಿಗೆ ಮುಂದಿನ ಗ್ಲಾಸ್ ಕೊಡದೆ ನೀರು ಕೊಟ್ಟು ಕೂರಿಸುವ ತರಬೇತಿ ನಮಗಿತ್ತು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಇಡೀ ಬಾಟಲಿ ಮುಗಿಸಿದವರು ಬಾಲ್ಕನಿಗೆ ಬಂದು ನಿಲ್ಲುವುದನ್ನು ತಡೆಯುವವರು ಯಾರೂ ಇರುವುದಿಲ್ಲ. ಅಮೆರಿಕದ 2010ರ ಕ್ರೂಸ್ ಸುರಕ್ಷತಾ ಕಾನೂನು ಹಡಗಿನ ಅಂಚಿನ ಕಟಕಟೆಗಳು ಕನಿಷ್ಠ 42 ಇಂಚು ಎತ್ತರ ಇರಬೇಕೆಂದು ವಿಧಿಸಿರುವುದರ ಹಿಂದೆ ಜನ ಸಮುದ್ರಕ್ಕೆ ಬಿದ್ದ ಘಟನೆಗಳಿವೆ. ರಾತ್ರಿಯ ಕಡಲಿನಲ್ಲಿ ಬಿದ್ದವರನ್ನು ಹುಡುಕುವುದು ಎಷ್ಟು ಕಷ್ಟ ಎಂಬುದನ್ನು ಡೆಕ್‌ನಲ್ಲಿ ಟಾರ್ಚ್ ಹಿಡಿದು ನಿಂತವರನ್ನು ಕೇಳಬೇಕು. ಆ ಎರಡು ವೈನ್ ಬಾಟಲಿಗಳನ್ನು ಸಂತೋಷವಾಗಿ ತನ್ನಿ. ಊಟದ ಮೇಜಿನಲ್ಲಿ ಬಡಿಸುವವರಿಗೆ ಇದು ನಮ್ಮ ಊರಿನ ವೈನ್, ಹಿರಿಯರ ನಲವತ್ತನೆಯ ವರ್ಷ ಎಂದು ತಿಳಿಸಿ. ಅವರು ಬಾಟಲಿಯನ್ನು ತಣ್ಣಗೆ ಮಾಡಿ, ಎಲ್ಲರೆದುರು ತೆರೆದು, ಮೊದಲ ಗುಟುಕನ್ನು ನಿಮ್ಮ ಮಾವನವರಿಗೇ ಬಡಿಸುತ್ತಾರೆ. 15 ಡಾಲರಿಗೆ ಅದು ಒಳ್ಳೆಯ ಸೇವೆ.

ಉತ್ತರ 3: ಹಡ್ಸನ್ ಕನ್ನಡಿಗ, ನ್ಯೂಜೆರ್ಸಿ

ಉಡುಪಿಯವರ ಅನುಭವಕ್ಕೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ. ಸುರಕ್ಷತೆಯೇ ಮುಖ್ಯ ಕಾರಣವಾಗಿದ್ದರೆ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಇಷ್ಟು ಬೇರೆಯಾಗಿರುತ್ತಿರಲಿಲ್ಲ. ನಾರ್ವೀಜಿಯನ್ ಕ್ರೂಸ್ ಲೈನ್ ಎಂಬ ಸಂಸ್ಥೆಯ ಹಡಗುಗಳು ಎಷ್ಟು ವೈನ್ ಬೇಕಾದರೂ ತರಲು ಬಿಡುತ್ತವೆ, ಆದರೆ ಕೋಣೆಯಲ್ಲಿ ಕುಡಿದರೂ ಬಾಟಲಿಗೆ 15 ಡಾಲರ್ ಪಡೆಯುತ್ತವೆ. ಡಿಸ್ನಿ ಹಡಗುಗಳಲ್ಲಿ 21 ತುಂಬಿದ ಒಬ್ಬರು ಎರಡು ವೈನ್ ಬಾಟಲಿ ಅಥವಾ ಆರು ಬಿಯರ್ ತರಬಹುದು, ಅದೂ ಪ್ರತಿ ಬಂದರಿನಲ್ಲಿ ಮತ್ತೆ ಮತ್ತೆ. ಕಾರ್ನಿವಲ್ ಒಬ್ಬರಿಗೆ ಒಂದೇ ವೈನ್ ಬಾಟಲಿ ಎನ್ನುತ್ತದೆ. ನೀರಿನ ಬಾಟಲಿಗಳಲ್ಲಿ ಮದ್ಯ ತುಂಬಿ ತರುವವರು ಹೆಚ್ಚಾದರೆಂದು 2015ರಲ್ಲಿ ಅದು ಬಾಟಲಿ ನೀರನ್ನೂ ನಿಷೇಧಿಸಿತು. ದೊಡ್ಡ ಕ್ರೂಸ್ ಸಂಸ್ಥೆಗಳ ಆದಾಯದಲ್ಲಿ ನೂರಕ್ಕೆ 30ರ ಆಸುಪಾಸು ಟಿಕೆಟ್‌ನಿಂದಲ್ಲ, ಹಡಗಿನೊಳಗೆ ಪ್ರಯಾಣಿಕರು ಮಾಡುವ ಖರ್ಚಿನಿಂದ ಬರುತ್ತದೆ. ಟಿಕೆಟ್ ಅಗ್ಗವಾಗಿ ಕಾಣುವುದೂ ಅದರಿಂದಲೇ ಎಂಬುದನ್ನು ಒಪ್ಪಿಕೊಂಡು ಹೊರಟರೆ ಸಿಟ್ಟಿಗೆ ಕಾರಣವಿರುವುದಿಲ್ಲ.

ನಿಮ್ಮ ಮಾವನವರ ಪೆಗ್‌ನ ಬಗ್ಗೆ ಹೇಳುವುದಾದರೆ, ಡ್ರಿಂಕ್ ಪ್ಯಾಕೇಜ್ ಕೊಳ್ಳಬೇಡಿ. ಅನಿಯಮಿತ ಮದ್ಯದ ಪ್ಯಾಕೇಜನ್ನು ಒಂದು ಕೋಣೆಯಲ್ಲಿ ಒಬ್ಬರು ಕೊಂಡರೆ ಅದೇ ಕೋಣೆಯ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಮದ್ಯ ಮುಟ್ಟದ ನಿಮ್ಮ ಅತ್ತೆಯವರ ಹೆಸರಿನಲ್ಲೂ ದಿನಕ್ಕೆ ಇಷ್ಟು ಡಾಲರ್ ಎಂದು ತೆರಬೇಕಾದೀತು. ಬಾರಿನಲ್ಲಿ ಒಂದು ವಿಸ್ಕಿಗೆ ಸುಮಾರು 12ರಿಂದ 14 ಡಾಲರ್, ಅದರ ಮೇಲೆ ಶೇಕಡ 18 ಸೇವಾ ಶುಲ್ಕ ಎಂದುಕೊಂಡರೂ ನಾಲ್ಕು ಸಂಜೆಗೆ 70 ಡಾಲರಿನೊಳಗೆ ಮುಗಿಯುತ್ತದೆ. ಸೂರ್ಯಾಸ್ತದ ಹೊತ್ತಿಗೆ ಅವರನ್ನು ಕಡಲು ಕಾಣುವ ಬಾರಿಗೆ ಕರೆದೊಯ್ದು ಜೊತೆಗೆ ಕುಳಿತುಕೊಳ್ಳಿ.

ಪ್ರಶ್ನೆ ಕೇಳಿದವರು: ಕಾವೇರಿತೀರ, ಮೈಸೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ವಿಸ್ಕಿಯ ಯೋಚನೆ ಬಿಟ್ಟಿದ್ದೇವೆ. ಸಂಜೆಯ ಬಾರ್ ಖರ್ಚನ್ನು ತಾನೇ ನೋಡಿಕೊಳ್ಳುತ್ತೇನೆಂದು ಮೈದುನ ಒಪ್ಪಿದ್ದಾನೆ. ಇನ್ನೆರಡು ಸಂದೇಹಗಳಿವೆ. ಒಂದು ಬಾಟಲಿಯನ್ನು ಕೋಣೆಯಲ್ಲೇ ತೆರೆಯುವುದಾದರೆ ಕಾರ್ಕ್ ತೆಗೆಯುವ ಸಾಧನ ನಾವೇ ಒಯ್ಯಬೇಕೇ? ಮತ್ತು ಮುಂದಿನ ವರ್ಷ ನಮ್ಮ ತಂದೆ-ತಾಯಿಯನ್ನು ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಹಡಗಿನಲ್ಲಿ ಕರೆದೊಯ್ಯುವ ಆಲೋಚನೆಯಿದೆ. ಅಲ್ಲಿಯೂ ಇದೇ ನಿಯಮವೇ?

ಉತ್ತರ 4: ಬಸವನಗುಡಿ ಪ್ರವಾಸಿ, ಬೆಂಗಳೂರು

ಕಾರ್ಡೀಲಿಯಾದಲ್ಲಿ ಹೊರಗಿನ ಮದ್ಯಕ್ಕೆ ಅವಕಾಶವಿಲ್ಲ, ವೈನ್‌ಗೂ ಇಲ್ಲ. ಲಕ್ಷದ್ವೀಪದ ಯಾನ ಆರಿಸಿಕೊಂಡರೆ ಇನ್ನೊಂದು ಎಚ್ಚರಿಕೆ ಬೇಕು: ಬಂಗಾರಂ ಬಿಟ್ಟರೆ ಅಲ್ಲಿನ ದ್ವೀಪಗಳಲ್ಲಿ ಬಹುಕಾಲದಿಂದ ಪಾನನಿಷೇಧವಿದೆ, ಹಾಗಾಗಿ ದಡಕ್ಕಿಳಿಯುವಾಗ ಚೀಲದಲ್ಲಿ ಏನೂ ಇರಬಾರದು.

ಕಾರ್ಕ್ ತೆಗೆಯುವ ಸಾಧನ ಬೇಡ. ಮೊನಚಾದ ವಸ್ತುವೆಂದು ತಪಾಸಣೆಯಲ್ಲಿ ಅನಗತ್ಯ ಪ್ರಶ್ನೆಗಳು ಏಳುತ್ತವೆ. ಕೋಣೆಯ ಪರಿಚಾರಕರನ್ನು ಕೇಳಿದರೆ ಗ್ಲಾಸ್‌ಗಳ ವ್ಯವಸ್ಥೆಯಾಗುತ್ತದೆ. ಬಾಟಲಿ ತೆರೆಯಲು ಸುಲಭದ ದಾರಿ ಎಂದರೆ ಬೆಂಗಳೂರಿನಲ್ಲಿ ಕೊಳ್ಳುವಾಗಲೇ ತಿರುಪು ಮುಚ್ಚಳವಿರುವ ಬಾಟಲಿ ಆರಿಸಿಕೊಳ್ಳುವುದು. ನಮ್ಮಲ್ಲಿ ತಯಾರಾಗುವ ಒಳ್ಳೆಯ ವೈನ್‌ಗಳಲ್ಲೂ ಅಂಥವು ಸಿಗುತ್ತವೆ. ಮುಚ್ಚಳದ ಸೀಲ್ ಸ್ವಲ್ಪವೂ ಬಿರಿದಿಲ್ಲ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ, ಏಕೆಂದರೆ ಸೀಲ್ ಒಡೆದ ಬಾಟಲಿಯನ್ನು ಹಡಗಿನೊಳಗೆ ಬಿಡುವುದಿಲ್ಲ.