ಅಪ್‌ಡೇಟ್: ಡರ್ಬಿ ಬಿಟ್ಟೆವು

ತೀರ್ಥಹಳ್ಳಿಯಿಂದ ಬರೆದಿದ್ದೆ, ನೆನಪಿದೆ ಅಲ್ವಾ? ನಮ್ಮ ಪಾಲಿರುವ ಮೂರು ವರ್ಷದ ಗಂಡು ಕುದುರೆ ಬೆಂಗಳೂರಿನಲ್ಲಿ ತರಬೇತಿಯಲ್ಲಿದೆ. ಡಿಸೆಂಬರ್‌ನಲ್ಲಿ 1600 ಮೀಟರ್ ಗಿನೀಸ್ ರೇಸ್ ಓಡಿಸಿ, ಫೆಬ್ರವರಿಯಲ್ಲಿ ಮುಂಬೈನ 2400 ಮೀಟರ್ ರೇಸ್ ಇಂಡಿಯನ್ ಡರ್ಬಿಗೆ ಇಳಿಸಬಹುದಾ ಅಂತ ಕೇಳಿದ್ದೆ.

ಎರಡನ್ನೂ ಬಿಟ್ಟೆವು. ಕಳೆದ ವಾರ ಲಾಯಕ್ಕೆ ಹೋಗಿ ಮುಂಗಾಲಿನ ಮೂಳೆ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು. ಸ್ವಲ್ಪ ಒತ್ತಿದೆ, ಕಾಲು ಎಳೆದುಕೊಂಡ. ಎಳೆ ಕುದುರೆಗಳಿಗೆ ವೇಗದ ಓಟ ಜಾಸ್ತಿಯಾದರೆ ಹೀಗಾಗುತ್ತದಂತೆ. ಈಗ ತಣ್ಣೀರು, ವಿಶ್ರಾಂತಿ, ಆಮೇಲೆ ಬರೀ ನಡಿಗೆ.

ಡರ್ಬಿ ನಾಲ್ಕು ವರ್ಷದವಕ್ಕೆ ಮಾತ್ರ. ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ, ಹಾಗಾಗಿ ಈ ಫೆಬ್ರವರಿಗೆ ಇವನಿಗೆ ನಾಲ್ಕು; ಮತ್ತೆ ಸಿಗಲ್ಲ. ಅದೇ ಸಂಕಟ. "ಅಡಿಕೆ ಸಸಿಗೆ ವರ್ಷಗಟ್ಟಲೆ ಕಾಯ್ತೀವಿ, ಇವನಿಗೆ ಕಾಯಕ್ಕಾಗಲ್ವಾ?" ಅಂದರು ಅಪ್ಪಯ್ಯ.

2400 ಮೀಟರ್‌ಗೆ ಅವಸರ ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ನಿನ್ನೆ ತೊಟ್ಟಿಯಲ್ಲಿ ಓಟ್ಸ್ ಪೂರ್ತಿ ಖಾಲಿ ಮಾಡಿದ್ದಾನೆ.