ಪುಟ್ಟ ಮಾದರಿ ಕಟ್ಟಿ, ಫೋಟೋ ತೆಗೆದು, ಮತ್ತೆ ತಾಮ್ರದ ತಗಡಿನಿಂದ ಅಚ್ಚು ಹಾಕುವುದು ಯಾಕೆ?

ಕಾಗದದೋಣಿ:
ಲೋಥಾರ್ ಓಸ್ಟರ್‌ಬರ್ಗ್ ಅವರ ಫೋಟೋಗ್ರಾವ್ಯೂರ್ (ಫೋಟೋವನ್ನು ತಾಮ್ರದ ತಗಡಿನಲ್ಲಿ ಕೊರೆದು, ಮಸಿ ತುಂಬಿ ಕಾಗದಕ್ಕೆ ಅಚ್ಚು ಹಾಕುವ ಕ್ರಮ) ಚಿತ್ರಗಳನ್ನು ನೋಡುತ್ತಿದ್ದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ನ್ಯೂಯಾರ್ಕ್ ಕಡೆ ನೆಲೆಸಿದವರು. ನಗರದ ಮೇಲೆ ತೇಲುವ ಜೆಪ್ಪೆಲಿನ್ ಎಂಬ ಹಳೇ ಕಾಲದ ವಾಯುನೌಕೆ, ಪುಸ್ತಕಗಳಿಂದಲೇ ಎದ್ದ, ಬೈಬಲ್ ಕಥೆಯ ಬಾಬೆಲ್ ಗೋಪುರ, ಎಲ್ಲಾ ಅವರೇ ಕೈಯಲ್ಲಿ ಕಟ್ಟಿದ ಸಣ್ಣ ಮಾದರಿಗಳು. ಆದರೆ ನಿಜವಾದ ಜಾಗ ಅಂತಲೇ ಅನ್ನಿಸುತ್ತದೆ. ನಾನೂ ರಟ್ಟು, ಬೆಂಕಿಕಡ್ಡಿಯಲ್ಲಿ ಒಂದು ಮನೆ ಮಾಡಿ ಫೋಟೋ ತೆಗೆದೆ. ಪಕ್ಕಾ ಆಟಿಕೆ! ಅಷ್ಟಕ್ಕೂ ಫೋಟೋ ಕೈಯಲ್ಲಿರುವಾಗ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ತೆಗೆದರೆ ಆಗಲ್ವಾ?

ಮಸಿಕೈ:
ಚಿತ್ರ ಬರುತ್ತದೆ, ಆ ಕಪ್ಪು ಬರುವುದಿಲ್ಲ. ಜಿಲಾಟಿನ್ ಬಳಿದ ಕಾಗದವನ್ನು ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಅದ್ದಿ ಒಣಗಿಸಿದರೆ ಅದು ಬೆಳಕಿಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಪಾಸಿಟಿವ್ ಫಿಲ್ಮ್ (ಫೋಟೋದ ಕಪ್ಪು ಕಪ್ಪಾಗಿಯೇ ಇರುವ ಪಾರದರ್ಶಕ ಹಾಳೆ) ಇಟ್ಟು ಯುವಿ ಬೆಳಕು ಕೊಟ್ಟು, ತಾಮ್ರದ ತಗಡಿಗೆ ಅಂಟಿಸಿ, ಬಿಸಿನೀರಲ್ಲಿ ತೊಳೆಯುತ್ತಾರೆ. ಬೆಳಕು ಜಾಸ್ತಿ ಬಿದ್ದ ಕಡೆ ಜಿಲಾಟಿನ್ ದಪ್ಪ ಉಳಿಯುತ್ತದೆ, ನೆರಳಿನ ಕಡೆ ತೆಳು. ಆಮೇಲೆ ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣ. ತೆಳು ಇದ್ದಲ್ಲಿ ಬೇಗ ನುಗ್ಗಿ ಆಳಕ್ಕೆ ಕೊರೆಯುತ್ತದೆ. ಆಳ ಹೆಚ್ಚಿದಷ್ಟೂ ಮಸಿ ಹೆಚ್ಚು. ಮಸಿ ನಿಲ್ಲಲಿ ಅಂತ ತಗಡಿನ ಮೇಲೆ ಮೊದಲೇ ರಾಳದ ಪುಡಿ ಉದುರಿಸಿ ಕಾಯಿಸಿರುತ್ತಾರೆ. 1879ರಲ್ಲಿ ವಿಯೆನ್ನಾದಲ್ಲಿ ಕಾರೆಲ್ ಕ್ಲಿಚ್ ಕುದುರಿಸಿದ ಕ್ರಮ ಇದು.

ಆ ಪುಡಿಯ ಸಣ್ಣ ಚುಕ್ಕಿಗಳು ಚಿತ್ರದ ತುಂಬಾ ಇರುತ್ತವಲ್ಲ, ಅಂಟಿನ ಕಲೆ, ರಟ್ಟಿನ ಅಂಚು, ಹಿಂದಿನ ಮೋಡ ಎಲ್ಲವೂ ಒಂದೇ ಮಸಿಯೊಳಗೆ ಸೇರಿಹೋಗುತ್ತವೆ. ಜೊತೆಗೆ, ಅಮೆರಿಕದ ಛಾಯಾಗ್ರಾಹಕ ಸ್ಟೀಗ್ಲಿಟ್ಜ್ 1903ರಿಂದ 1917ರವರೆಗೆ ತಂದ 'ಕ್ಯಾಮೆರಾ ವರ್ಕ್' ಪತ್ರಿಕೆಯ ಎಷ್ಟೋ ಚಿತ್ರಗಳು ಹೀಗೇ ಅಚ್ಚಾದವು. ಹಾಗಾಗಿ ಇಂಥ ಕಪ್ಪು ಕಂಡರೆ ಹಳೇ ಫೋಟೋ ಅಂತ ನಂಬಿಬಿಡುತ್ತೇವೆ.

ಮೂಲೆಮನೆ:
ಅರ್ಧ ಒಪ್ಪುತ್ತೇನೆ. ಆ ಬೆಂಕಿಕಡ್ಡಿ ಮನೆ ಆಟಿಕೆಯಾಗಿದ್ದು ಪ್ರಿಂಟಿನಿಂದಲ್ಲ. ಹತ್ತಿರದಿಂದ ತೆಗೆದರೆ ಫೋಕಸ್ ಬೆರಳಗಲ ಸಿಗುತ್ತದೆ, ಹಿಂದೆ ಮುಂದೆ ಮಸುಕು. ನಿಜವಾದ ಕಟ್ಟಡವನ್ನು ದೂರದಿಂದ ತೆಗೆದಾಗ ಹಾಗಾಗುವುದಿಲ್ಲ, ಅದು ಕಣ್ಣಿಗೆ ಗೊತ್ತು. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್16ಕ್ಕೆ ಇಳಿಸಿ ಕಿರಿದು ಮಾಡಿ, ಫೋಕಸ್ ಹೆಚ್ಚು ಆಳಕ್ಕೆ ಸಿಗುತ್ತದೆ. ಟ್ರೈಪಾಡ್ ಹಾಕಿ. ಆ ಮನೆ ಮುಂದೆ ಒಬ್ಬ ಪುಟ್ಟ ಮನುಷ್ಯ ನಿಂತರೆ ಅವನ ಕಣ್ಣು ಎಲ್ಲಿರುತ್ತದೋ ಅಲ್ಲಿಗೆ ಲೆನ್ಸ್ ಬರಲಿ. ಲೈಟು ಒಂದೇ, ಅದೂ ದೂರದಲ್ಲಿ. ಎರಡು ನೆರಳು ಬಿದ್ದವೋ, ಮುಗೀತು.

ಮತ್ತೆ, ಅತಿ ನಾಜೂಕು ಬೇಡ. ಓಸ್ಟರ್‌ಬರ್ಗ್ ಮಾದರಿಗಳು ಒರಟು, ನೆನಪಿನಿಂದ ಕಟ್ಟಿದ್ದು. ನನಗೆ ಕೇಳಿದರೆ ಅವರ ಗುಟ್ಟು ತಾಮ್ರಕ್ಕಿಂತ ಜಾಸ್ತಿ ಅಲ್ಲೇ ಇದೆ. ಕಿಟಕಿಗೆ ಕೊಂಡಿ ಇಲ್ಲದಿದ್ದರೆ ನೋಡುವವರೇ ಮನಸ್ಸಿನಲ್ಲಿ ಹಾಕಿಕೊಳ್ಳುತ್ತಾರೆ.

ಕಾಗದದೋಣಿ:
ಅಯ್ಯೋ, ನಾನು ಎರಡು ಟ್ಯೂಬ್‌ಲೈಟ್ ಹಾಕಿ ಮೇಲಿನಿಂದ ತೆಗೆದಿದ್ದೆ. ಇರಲಿ. ಈ ಗ್ರಾವ್ಯೂರ್ ಮನೆಯಲ್ಲಿ ಮಾಡಬಹುದಾ?

ಮಸಿಕೈ:
ಅಡುಗೆಮನೆಯಲ್ಲಂತೂ ಬೇಡ ಮಾರಾಯರೇ! ಡೈಕ್ರೋಮೇಟ್ ವಿಷ, ಕ್ಯಾನ್ಸರ್ ತರುವಂಥದ್ದು. ರಾಳದ ಪುಡಿ ಗಾಳಿಯಲ್ಲಿ ಎದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಫೋಟೋಪಾಲಿಮರ್ ತಗಡು (ಬೆಳಕಿಗೆ ಗಟ್ಟಿಯಾಗುವ ಪ್ಲಾಸ್ಟಿಕ್ ಪದರ ಇರುವಂಥದ್ದು) ತಗೊಳ್ಳಿ, ಬಿಸಿಲಿಗೆ ಒಡ್ಡಿ ನೀರಲ್ಲಿ ತೊಳೆದರೆ ಸಾಕು, ಆಸಿಡ್ ಬೇಕಿಲ್ಲ. ತಾಮ್ರದಷ್ಟು ಆಳ ನನಗೆ ಅದರಲ್ಲಿ ಸಿಕ್ಕಿಲ್ಲ, ಆದರೆ ಕಲಿಯಲು ಚೆನ್ನಾಗಿದೆ. ಅಚ್ಚಿಗೆ ಎಚಿಂಗ್ ಪ್ರೆಸ್, ಅಂದರೆ ತಗಡು-ಕಾಗದ ಒತ್ತುವ ಉರುಳೆ ಯಂತ್ರ, ಬೇಕು, ಗೊತ್ತಿದ್ದವರ ಸ್ಟುಡಿಯೋ ಹಿಡಿಯಿರಿ. ಅದಕ್ಕೂ ಮೊದಲು ಆ ಎರಡನೇ ಟ್ಯೂಬ್‌ಲೈಟ್ ಆರಿಸಿ ಇನ್ನೊಂದು ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.